ಅಮ್ಮನಿಗೆ ಶುಗರ್ ಬಂದು 11 ವರ್ಷ, ಕಣ್ಣಿನ ಒಳಗೆ ಒಮ್ಮೆಯೂ ತೋರಿಸಿಲ್ಲ. ಹೇಗೆ ಒಪ್ಪಿಸಲಿ?

ಕಡೂರು_ಹುಡುಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮೂರು ಕಡೂರು. ನಾನು ಕೆಲಸಕ್ಕೆ ಅಂತ ಬೆಂಗಳೂರಿನಲ್ಲಿದ್ದೇನೆ, ಅಮ್ಮ ಊರಲ್ಲೇ ಇದ್ದಾಳೆ. ಅವಳಿಗೆ 57 ವರ್ಷ. ಶುಗರ್ ಬಂದು 11 ವರ್ಷ ಆಯಿತು. ಮಾತ್ರೆ ಒಂದು ದಿನವೂ ತಪ್ಪಿಸುವುದಿಲ್ಲ. ಮದುವೆ ಮನೆಯಲ್ಲಿ ಎಲೆಗೆ ಬಿದ್ದ ಹೋಳಿಗೆಯನ್ನು ಹಾಗೇ ಪಕ್ಕದವರ ಎಲೆಗೆ ಎತ್ತಿಡುತ್ತಾಳೆ. ಮೂರು ತಿಂಗಳಿಗೊಮ್ಮೆ ಹೋಗಿ ರಕ್ತ ಕೊಟ್ಟು ಬರುತ್ತಾಳೆ. ಇಷ್ಟೆಲ್ಲ ಮಾಡುವವಳು ಕಣ್ಣಿನ ವಿಷಯಕ್ಕೆ ಮಾತ್ರ ಜಪ್ಪಯ್ಯ ಅಂದರೂ ಬರುವುದಿಲ್ಲ.

ಅಮ್ಮ ಬ್ಲೌಸ್ ಹೊಲಿಯುತ್ತಾಳೆ. ಮನೆಯ ಮುಂದಿನ ಕೋಣೆಯಲ್ಲೇ ಮಿಷನ್ ಇದೆ. ಕಣ್ಣು ತೋರಿಸೋಣ ಅಂದಾಗಲೆಲ್ಲ ಅವಳು ಮಾತಾಡುವುದಿಲ್ಲ, ಸೂಜಿ ತೆಗೆದುಕೊಳ್ಳುತ್ತಾಳೆ. ದಾರದ ತುದಿಯನ್ನು ತುಟಿಗೆ ತಾಗಿಸಿ ಒದ್ದೆ ಮಾಡುತ್ತಾಳೆ, ಎರಡು ಬೆರಳಲ್ಲಿ ಹೊಸೆಯುತ್ತಾಳೆ, ಸೂಜಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದೇ ಸಲಕ್ಕೆ ಪೋಣಿಸಿಬಿಡುತ್ತಾಳೆ. "ನೋಡಿದ್ಯಾ? ಕಣ್ಣು ಕೆಟ್ಟಿದ್ರೆ ಹೀಗಾಗ್ತಿತ್ತಾ?" ಅದಕ್ಕೆ ನನ್ನ ಹತ್ತಿರ ಉತ್ತರವೇ ಇರುವುದಿಲ್ಲ.

ನನಗೆ ಭಯ ಹುಟ್ಟಿದ್ದು ಚಿಕ್ಕಪ್ಪನನ್ನು ನೋಡಿ. ಅವರಿಗೂ ಶುಗರ್, 14 ವರ್ಷದಿಂದ. ಗೂಡ್ಸ್ ಆಟೋ ಓಡಿಸುತ್ತಿದ್ದರು. ಕಳೆದ ದೀಪಾವಳಿ ಹಿಂದಿನ ದಿನ ಬೆಳಿಗ್ಗೆ ಎದ್ದಾಗ ಎಡಗಣ್ಣಿನ ಮುಂದೆ ಜೇಡರ ಬಲೆ ತೂಗಿದ ಹಾಗೆ ಕಂಡಿತಂತೆ. ಕಸ ಬಿದ್ದಿರಬೇಕು ಅಂತ ಮೂರು ಸಲ ಮುಖ ತೊಳೆದರು. ಸಂಜೆಯ ಹೊತ್ತಿಗೆ ಬಲೆ ಹೋಗಿ ಮಸಿ ಸುರಿದ ಹಾಗಾಯಿತು. ಕಣ್ಣಿನ ಒಳಗೆ ರಕ್ತ ಸೋರಿತ್ತು. ಆಪರೇಷನ್ ಆಗಿದೆ, ಆದರೂ ಆ ಕಣ್ಣಲ್ಲಿ ಈಗ ಹತ್ತಿರ ಹಿಡಿದ ಬೆರಳು ಎಣಿಸುವಷ್ಟು ಮಾತ್ರ ಕಾಣುತ್ತದೆ. ಆಟೋ ಮಾರಿದರು. 14 ವರ್ಷದಲ್ಲಿ ಒಂದು ಸಲವೂ ಅವರು ಕಣ್ಣಿನ ಒಳಗೆ ತೋರಿಸಿರಲಿಲ್ಲ.

ಅಮ್ಮ ಇದನ್ನೆಲ್ಲ ಕಣ್ಣಾರೆ ನೋಡಿದ್ದಾಳೆ. ಆಸ್ಪತ್ರೆಗೆ ಬುತ್ತಿ ಕಟ್ಟಿಕೊಂಡು ಹೋದವಳೇ ಅವಳು. ಆದರೂ ಒಂದು ಸಲ ಶುಗರ್ ಕಂಟ್ರೋಲ್‌ನಲ್ಲಿದೆ ಅನ್ನುತ್ತಾಳೆ. ಇನ್ನೊಂದು ಸಲ ಎರಡು ವರ್ಷದ ಹಿಂದೆ ಕನ್ನಡಕದ ಅಂಗಡಿಯಲ್ಲಿ ಕಂಪ್ಯೂಟರ್ ಟೆಸ್ಟ್ ಆಗಿದೆಯಲ್ಲ ಅನ್ನುತ್ತಾಳೆ. ಮತ್ತೊಂದು ಸಲ ಮದುವೆ ಸೀಸನ್, ಆರ್ಡರ್ ಜಾಸ್ತಿ ಇದೆ ಅನ್ನುತ್ತಾಳೆ.

ನಿಮ್ಮಲ್ಲಿ ಶುಗರ್ ಇದ್ದೂ ವರ್ಷಗಟ್ಟಲೆ ಕಣ್ಣು ತೋರಿಸದೆ ಇದ್ದವರು ಇದ್ದರೆ, ಯಾಕೆ ಅಂತ ಬಿಚ್ಚಿ ಹೇಳುತ್ತೀರಾ? ಅಮ್ಮನಿಗೆ ಬುದ್ಧಿ ಹೇಳುವ ಉತ್ತರ ಬೇಡ. ಅವಳ ಮನಸ್ಸಿನಲ್ಲಿ ಏನಿದೆ ಅಂತ ನನಗೆ ಅರ್ಥವಾಗಬೇಕು.

ಸ್ಟೇರಿಂಗ್_30ವರ್ಷ ಬರೆದದ್ದು:

ನೋಡಮ್ಮಾ, ನಾನೇ ಅಂಥವನು. ನನಗೀಗ 61. ಶುಗರ್ ಬಂದು 18 ವರ್ಷ. ಮೊದಲ 11 ವರ್ಷ ಕಣ್ಣು ತೋರಿಸಲಿಲ್ಲ. ಬಸ್ ಓಡಿಸುತ್ತಿದ್ದೆ.

ನಿನ್ನ ತಾಯಿಗೆ ಸೂಜಿ ಇದ್ದ ಹಾಗೆ ನನಗೆ ಬೋರ್ಡ್ ಇತ್ತು. ಡ್ರೈವರ್‌ಗಳಿಗೆ ಕಣ್ಣಿನ ಟೆಸ್ಟ್ ಇರುತ್ತದಲ್ಲ, ದೂರದ ಬೋರ್ಡ್ ಓದಿಸುತ್ತಾರೆ, ಬಣ್ಣದ ಚುಕ್ಕಿಯ ಪುಸ್ತಕ ತೋರಿಸುತ್ತಾರೆ. ಪ್ರತಿ ಸಲ ಕೊನೆಯ ಸಾಲಿನವರೆಗೂ ಓದುತ್ತಿದ್ದೆ. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಯಾವುದಿದೆ ಅಂದುಕೊಂಡಿದ್ದೆ. ಇದು ಮೊದಲ ಕಾರಣ.

ಎರಡನೆಯದು, ಕಣ್ಣಿನ ಒಳಗೆ ನೋಡುವ ಮೊದಲು ಪಾಪೆ ಹಿಗ್ಗಲಿ ಅಂತ ಹಾಕುವ ಆ ಡ್ರಾಪ್ಸ್. ಜೊತೆಯ ಡ್ರೈವರ್ ಒಬ್ಬ ಹಾಕಿಸಿಕೊಂಡು ಬಂದು, ಇಡೀ ದಿನ ಮಂಜು ಮಂಜು, ಬಿಸಿಲಿಗೆ ಕಣ್ಣು ಬಿಡೋಕಾಗಲ್ಲ, ಡ್ಯೂಟಿ ಹೋಯಿತು ಅಂದಿದ್ದ. ಒಂದು ದಿನದ ರಜೆ, ಜೊತೆಗೆ ಒಬ್ಬರು ಬೇರೆ ಬರಬೇಕು. ಏನೂ ನೋವಿಲ್ಲದ ಕಣ್ಣಿಗೆ ಇಷ್ಟು ಯಾಕೆ ಅನ್ನಿಸಿತು.

ಮೂರನೆಯದನ್ನು ನಾನು ಮನೆಯವಳಿಗೂ ಹೇಳಿರಲಿಲ್ಲ. ಡಾಕ್ಟರ್ ಏನಾದರೂ ಕಂಡುಹಿಡಿದು ಬರೆದುಬಿಟ್ಟರೆ ನನ್ನನ್ನು ಸ್ಟೇರಿಂಗ್‌ನಿಂದ ಇಳಿಸುತ್ತಾರೆ ಅನ್ನುವ ಭಯ. ಮಗಳ ಮದುವೆ ಆಗಿರಲಿಲ್ಲ. ಗೊತ್ತಾಗದೆ ಇದ್ದರೆ ಕಾಯಿಲೆ ಇಲ್ಲ ಅನ್ನುವ ಹಾಗೆ ಬದುಕಿದೆ. ಎಲ್ಲಕ್ಕಿಂತ ದೊಡ್ಡ ಕಾರಣ ಇದೇ ಅಂತ ಈಗ ಅನ್ನಿಸುತ್ತದೆ.

54ರಲ್ಲಿ ಪೊರೆ ಬಂದಿರಬೇಕು ಅಂತ ಹೋದೆ. ಡ್ರಾಪ್ಸ್ ಹಾಕಿ, ಡಾಕ್ಟರು ತಲೆಗೆ ದೀಪ ಕಟ್ಟಿಕೊಂಡು ಕೈಯಲ್ಲಿ ಒಂದು ಲೆನ್ಸ್ ಹಿಡಿದು ತುಂಬಾ ಹೊತ್ತು ನೋಡಿದರು. ಮೇಲೆ ನೋಡಿ, ಕೆಳಗೆ ನೋಡಿ, ಕಿವಿ ಕಡೆ ನೋಡಿ ಅನ್ನುತ್ತಾ ಸುಮ್ಮನಾಗಿಬಿಟ್ಟರು. ಆಮೇಲೆ "ಪೊರೆ ಆಮೇಲೆ ನೋಡೋಣ, ಮೊದಲು ಪರದೆ" ಅಂದರು. ಪರದೆ ಅಂದರೆ ಕಣ್ಣಿನ ಹಿಂಭಾಗದ ರೆಟಿನಾ. ಎರಡೂ ಕಣ್ಣಿಗೆ ಲೇಸರ್ ಆಯಿತು, ನಾಲ್ಕು ಸಲ ಹೋಗಬೇಕಾಯಿತು. ಬೋರ್ಡ್ ಪೂರ್ತಿ ಓದುತ್ತಿದ್ದೆನಲ್ಲ ಸಾರ್ ಅಂತ ಕೇಳಿದೆ. "ಬೋರ್ಡ್ ಓದೋಕೆ ಬೇಕಾಗೋದು ಪರದೆಯ ನಡುವಿನ ಒಂದು ಚೂರು ಜಾಗ. ಸುತ್ತ ಕೆಟ್ಟಿದ್ರೂ ಅದೊಂದು ಚೆನ್ನಾಗಿದ್ರೆ ನೀವು ಓದ್ತೀರಿ" ಅಂದರು. ಆ ಮಾತನ್ನು ನಿನ್ನ ತಾಯಿಗೆ ಹೇಳು. ಸೂಜಿ ಪೋಣಿಸುವುದೂ ಅದೇ ಚೂರು ಜಾಗ.

ಲೇಸರ್ ಇದ್ದ ದೃಷ್ಟಿಯನ್ನು ಉಳಿಸಿಕೊಟ್ಟಿತು. ಆದರೆ ಆಮೇಲೆ ಕತ್ತಲಲ್ಲಿ ಮೊದಲಿನ ಹಾಗೆ ಕಾಣುವುದಿಲ್ಲ, ಪಕ್ಕದ ನೋಟವೂ ಸ್ವಲ್ಪ ಕಡಿಮೆಯಾಯಿತು. ರಾತ್ರಿ ಗಾಡಿ ಬಿಟ್ಟೆ. ಮೊದಲೇ ಹೋಗಿದ್ದರೆ ಅಷ್ಟು ಲೇಸರ್ ಬೇಕಾಗುತ್ತಿರಲಿಲ್ಲವೇನೋ.

ಇನ್ನೊಂದು ಮಾತು. "ಕಣ್ಣು ಹೋಗುತ್ತೆ" ಅಂತ ಹೆದರಿಸಬೇಡ. ಮನೆಯವಳು ಹಾಗಂದಾಗಲೆಲ್ಲ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಕೊನೆಗೆ ಮಗ "ಅಪ್ಪಾ, ಮಂಗಳವಾರ ನನಗೆ ರಜೆ ಇದೆ, ಹೋಗಿ ಬರೋಣ" ಅಂದ. ಹೋದೆ.

ಟಾರ್ಚ್‌ಲೈಟ್ ಬರೆದದ್ದು:

ನಾನು ಒಂದು ತಾಲೂಕು ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಡಾಕ್ಟರ್ ಅಲ್ಲ. ಕಣ್ಣಿಗೆ ಡ್ರಾಪ್ಸ್ ಹಾಕುವುದು, ಬೋರ್ಡ್ ಓದಿಸುವುದು, ಫೋಟೋ ತೆಗೆಯುವುದು ನನ್ನ ಕೆಲಸ. ಡ್ರಾಪ್ಸ್ ಹಾಕಿ ಕಾಯುವ ಅರ್ಧ ಗಂಟೆಯಲ್ಲಿ ಜನ ಮಾತಾಡುತ್ತಾರೆ. ತಡವಾಗಿ ಬಂದವರನ್ನು ನಾನು ಯಾವಾಗಲೂ ಕೇಳುತ್ತೇನೆ, ಯಾಕೆ ಇಷ್ಟು ದಿನ ಬರಲಿಲ್ಲ ಅಂತ.

ಹೆಚ್ಚಿನವರು ಹೇಳುವುದು ನಿಮ್ಮಮ್ಮ ಹೇಳಿದ್ದೇ. "ತೋರಿಸಿದ್ದೀನಲ್ಲ ಮೇಡಂ." ಎಲ್ಲಿ ಅಂದರೆ ಕನ್ನಡಕದ ಅಂಗಡಿಯಲ್ಲಿ. ಗಲ್ಲ ಇಟ್ಟು ನೋಡಿದರೆ ದೂರದ ರಸ್ತೆಯ ಕೊನೆಗೆ ಒಂದು ಬಲೂನ್ ಕಾಣುತ್ತದಲ್ಲ, ಆ ಮಿಷನ್. ಅದು ಕನ್ನಡಕದ ನಂಬರ್ ಹೇಳುತ್ತದೆ, ಅಷ್ಟೇ. ಶುಗರ್ ಹೊಡೆಯುವುದು ಕಣ್ಣಿನ ಹಿಂಭಾಗದ ಪರದೆಯನ್ನು, ನಮ್ಮ ಕಡೆಯವರು ಕಣ್ಣಿನ ನರ ಅನ್ನುತ್ತಾರೆ. ಬಲೂನ್ ಮಿಷನ್ ಅಲ್ಲಿಗೆ ಹೋಗುವುದಿಲ್ಲ.

ಪೊರೆ ಆಪರೇಷನ್ ಆದವರದು ಇನ್ನೊಂದು ಗುಂಪು. ಹೊಸ ಲೆನ್ಸ್ ಹಾಕಿದ್ದಾರೆ, ಕಣ್ಣು ಹೊಸದಾಯಿತು ಅಂತ ನಂಬಿರುತ್ತಾರೆ. ಬದಲಾಗಿದ್ದು ಮುಂದಿನ ಲೆನ್ಸ್. ಹಿಂದಿನ ಪರದೆ ಹಳೆಯದೇ.

ಕೆಲವರು ನಾಚಿಕೆಗೆ ಬರುವುದಿಲ್ಲ. ಶುಗರ್ 300 ಇದೆ, ಈಗ ಹೋದರೆ ಬೈತಾರೆ, ಸ್ವಲ್ಪ ಇಳಿಸಿಕೊಂಡು ಹೋಗೋಣ ಅಂದುಕೊಳ್ಳುತ್ತಾರೆ. ಇಳಿಯುವುದೇ ಇಲ್ಲ, ಬರುವುದೂ ಇಲ್ಲ. ಇದನ್ನು ಕೇಳಿದಾಗ ನನಗೆ ತುಂಬಾ ಸಂಕಟವಾಗುತ್ತದೆ. ಯಾಕೆಂದರೆ ಅವರೇ ಮೊದಲು ಬರಬೇಕಾದವರು. ನಮ್ಮ ಕಡೆಯಿಂದಲೂ ತಪ್ಪಿದೆ, ಬೈಯುವವರು ಇದ್ದಾರೆ.

ಹೆಂಗಸರದು ಬೇರೆಯೇ ಕಥೆ. ಗಂಡನ ಕಣ್ಣು ತೋರಿಸಲು ಜೊತೆಗೆ ಬಂದು ಇಡೀ ದಿನ ಕೂರುತ್ತಾರೆ. ನಿಮಗೂ ಶುಗರ್ ಇದೆಯಲ್ಲ, ಹಾಕಲಾ ಅಂದರೆ, "ನನಗೂ ಹಾಕಿದ್ರೆ ಇವರನ್ನ ಮನೆಗೆ ಕರ್ಕೊಂಡು ಹೋಗೋರು ಯಾರು?" ಅನ್ನುತ್ತಾರೆ.

ಒಳಗೆ ಏನಾಗುತ್ತದೆ ಅಂತ ತೋಟ ಇರುವವರಿಗೆ ನಾನು ಡ್ರಿಪ್ ಪೈಪಿನ ಲೆಕ್ಕದಲ್ಲಿ ಹೇಳುತ್ತೇನೆ. ಪರದೆಯ ರಕ್ತನಾಳ ಕೂದಲಿಗಿಂತ ಸಣ್ಣದು. ವರ್ಷಗಟ್ಟಲೆ ಸಕ್ಕರೆ ಜಾಸ್ತಿ ಇದ್ದರೆ ಅದರ ಗೋಡೆ ಸಡಿಲವಾಗಿ ಅಲ್ಲಲ್ಲಿ ಉಬ್ಬುತ್ತದೆ, ಜಿನುಗುತ್ತದೆ. ಕೆಲವು ಕಟ್ಟಿಕೊಳ್ಳುತ್ತವೆ. ರಕ್ತ ಸಿಗದ ಜಾಗ ತನಗೆ ತಾನೇ ಹೊಸ ನಾಳ ಬೆಳೆಸಿಕೊಳ್ಳುತ್ತದೆ. ಆ ಹೊಸ ನಾಳಕ್ಕೆ ಗಟ್ಟಿ ಇಲ್ಲ, ಒಂದು ದಿನ ಒಡೆಯುತ್ತದೆ. ನಿಮ್ಮ ಚಿಕ್ಕಪ್ಪನಿಗೆ ಕಂಡ ಜೇಡರ ಬಲೆ ಅದೇ ಇರಬೇಕು. ಇಷ್ಟೆಲ್ಲ ಆಗುವಾಗ ಎಷ್ಟೋ ವರ್ಷ ನೋವಿಲ್ಲ, ಉರಿಯಿಲ್ಲ, ಮಂಜೂ ಇಲ್ಲ. ಪರದೆಯ ನಡುವೆಯೇ ಜಿನುಗಿ ಊದಿಕೊಂಡರೆ ಮಾತ್ರ ಅಕ್ಷರ ಮಸುಕಾಗುತ್ತದೆ. ಅದಕ್ಕೆ ಕಣ್ಣಿನೊಳಗೆ ಇಂಜೆಕ್ಷನ್ ಕೊಡುತ್ತಾರೆ. ಲೇಸರ್ ಆಗಲಿ ಇಂಜೆಕ್ಷನ್ ಆಗಲಿ, ಇರುವುದನ್ನು ಉಳಿಸುವ ಕೆಲಸ ಚೆನ್ನಾಗಿ ಮಾಡುತ್ತವೆ. ಪೂರ್ತಿ ಹೋದದ್ದನ್ನು ತರುವುದು ಕಷ್ಟ.

2022ರಲ್ಲಿ ಬಂದ ಒಂದು ದೊಡ್ಡ ಸಮೀಕ್ಷೆಯ ಲೆಕ್ಕ ನಮ್ಮಲ್ಲಿ ಆಗಾಗ ಹೇಳುತ್ತಿರುತ್ತಾರೆ. ನಮ್ಮ ದೇಶದಲ್ಲಿ 40 ದಾಟಿದ ಶುಗರ್ ಇರುವವರಲ್ಲಿ ಸುಮಾರು ಎಂಟು ಜನಕ್ಕೆ ಒಬ್ಬರಿಗೆ ಪರದೆಯಲ್ಲಿ ಬದಲಾವಣೆ ಇತ್ತು. ಅಂದರೆ ಹೆಚ್ಚಿನವರು "ಏನೂ ಇಲ್ಲ, ಮುಂದಿನ ವರ್ಷ ಬನ್ನಿ" ಅಂತ ಕೇಳಿಸಿಕೊಂಡು ಮನೆಗೆ ಹೋಗುತ್ತಾರೆ. ಇದನ್ನೂ ಅಮ್ಮನಿಗೆ ಹೇಳಿ. ಹೋದವರಿಗೆಲ್ಲ ಆಪರೇಷನ್ ಅನ್ನುವ ಭಯ ಜಾಸ್ತಿ ಇದೆ.

ದೊಡ್ಡವರಿಗೆ ಬರುವ ಶುಗರ್ ಆದರೆ ಗೊತ್ತಾದ ದಿನವೇ ಒಂದು ಸಲ ನೋಡಿಸಬೇಕು, ಯಾಕೆಂದರೆ ಗೊತ್ತಾಗುವ ಮೊದಲೇ ಎಷ್ಟೋ ವರ್ಷ ಇದ್ದಿರಬಹುದು. ಆಮೇಲೆ ವರ್ಷಕ್ಕೊಮ್ಮೆ. ಶುಗರ್ ಇರುವ ಹೆಣ್ಣುಮಕ್ಕಳು ಬಸುರಿಯಾದರೆ ಮೊದಲ ತಿಂಗಳುಗಳಲ್ಲೇ ನೋಡಿಸಬೇಕು, ಆಗ ಬೇಗ ಜಾಸ್ತಿಯಾಗಬಹುದು.

ಒಂದು ಕೆಲಸ ಮಾಡಿ. ಅಮ್ಮನ ಹಳೆಯ ಚೀಟಿಗಳನ್ನೆಲ್ಲ ತೆಗೆದು ಓದಿ. ಶುಗರ್ ನೋಡುವ ಡಾಕ್ಟರು ಕಣ್ಣಿನ ಬಗ್ಗೆ ಏನಾದರೂ ಬರೆದಿದ್ದಾರಾ ನೋಡಿ. ಬಿಪಿಎಲ್ ಕಾರ್ಡ್ ಇದ್ದರೆ ಆಸ್ಪತ್ರೆಗೆ ಹೋಗುವಾಗ ಆಧಾರ್ ಜೊತೆ ಅದನ್ನೂ ಇಟ್ಟುಕೊಳ್ಳಿ, ಸರ್ಕಾರಿ ಯೋಜನೆಯ ವಿಷಯಕ್ಕೆ ಸಹಾಯ ಮಾಡಲು ಅಲ್ಲಿರುವ ಆರೋಗ್ಯಮಿತ್ರರ ಹತ್ತಿರ ಕೇಳಿ.

ಲೆಸ್ಟರ್_ಕನ್ನಡಿಗ ಬರೆದದ್ದು:

ಇಂಗ್ಲೆಂಡಿನಲ್ಲಿ ಇದ್ದೇನೆ, ಊರು ಹಾಸನ. ಇಲ್ಲಿ 12 ವರ್ಷ ದಾಟಿದ ಶುಗರ್ ಇರುವ ಎಲ್ಲರ ಹೆಸರೂ ಪಟ್ಟಿಯಲ್ಲಿರುತ್ತದೆ. ನಾವು ನೆನಪಿಟ್ಟುಕೊಳ್ಳಬೇಕಾಗಿಲ್ಲ, ಮನೆಗೆ ಕಾಗದ ಬರುತ್ತದೆ, ದಿನಾಂಕ ಸಮೇತ. ಹೋದರೆ ಡ್ರಾಪ್ಸ್, ಫೋಟೋ, ಕೆಲವು ವಾರಕ್ಕೆ ಫಲಿತಾಂಶದ ಕಾಗದ. 2003ರಲ್ಲಿ ಶುರುವಾದ ಏರ್ಪಾಡು. ದುಡಿಯುವ ವಯಸ್ಸಿನವರ ಕುರುಡುತನಕ್ಕೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ದಶಕಗಳಿಂದ ಶುಗರ್ ಮೊದಲ ಕಾರಣವಾಗಿತ್ತು. ಅದು ಆ ಸ್ಥಾನದಿಂದ ಇಳಿದಿದೆ ಅಂತ 2014ರಲ್ಲಿ ವರದಿ ಬಂತು.

ಆದರೂ ನಾನು ಎರಡು ಸಲ ತಪ್ಪಿಸಿದ್ದೇನೆ. ಕಾಗದ ಫ್ರಿಜ್ ಮೇಲೆ ಅಂಟಿಸಿದ್ದೆ, ಕಣ್ಣೆದುರಿಗೇ ಇತ್ತು. ಡ್ರಾಪ್ಸ್ ಹಾಕಿದ ದಿನ ಕಾರು ಓಡಿಸಬಾರದು, ಹೆಂಡತಿಗೂ ಕೆಲಸ, ಮಗುವನ್ನು ಶಾಲೆಯಿಂದ ಕರೆತರುವವರು ಯಾರು ಅಂತ ಮುಂದೂಡಿದೆ. ಮೇಲೆ ಡ್ರೈವರ್ ಅಣ್ಣ ಹೇಳಿದ್ದನ್ನು ಓದಿ, ಇಲ್ಲಿದ್ದರೂ ಅಲ್ಲಿದ್ದರೂ ತೊಡಕು ಅದೇ ಅನ್ನಿಸಿತು. ಆ ಒಂದು ದಿನ, ಆ ಇನ್ನೊಬ್ಬ ವ್ಯಕ್ತಿ. ನೀವು ಅಮ್ಮನಿಗೆ ಒಪ್ಪಿಸುವುದಕ್ಕಿಂತ ಮೊದಲು ನಿಮ್ಮ ಒಂದು ದಿನ ಕೊಡಿ.

ಕಡೂರು_ಹುಡುಗಿ ಮತ್ತೆ ಬರೆದದ್ದು:

ಮೂರು ವಾರ ಆಯಿತು. ಹೋಗಿ ಬಂದೆವು. ನಡೆದದ್ದನ್ನು ಹೇಳಲೇಬೇಕು.

ಶುಕ್ರವಾರ ರಾತ್ರಿ ಊರಿಗೆ ಹೋದೆ. ಕಣ್ಣಿನ ಮಾತೇ ಎತ್ತಲಿಲ್ಲ. ಶನಿವಾರ ಬೆಳಿಗ್ಗೆ ಟಾರ್ಚ್‌ಲೈಟ್ ಅವರು ಹೇಳಿದ ಹಾಗೆ ಚೀಟಿಗಳ ಕವರ್ ಕೇಳಿದೆ. ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರ್, ಬೀರುವಿನಲ್ಲಿ ಒಡವೆ ಡಬ್ಬಿಯ ಪಕ್ಕ ಇಟ್ಟಿದ್ದಳು. 11 ವರ್ಷದ ಒಂದು ಚೀಟಿಯೂ ಬಿಸಾಡಿಲ್ಲ. ನೆಲದ ಮೇಲೆ ಹರಡಿ ವರ್ಷದ ಪ್ರಕಾರ ಜೋಡಿಸಿದೆ.

ಐದು ಚೀಟಿಗಳಲ್ಲಿ, ಮಾತ್ರೆಗಳೆಲ್ಲ ಮುಗಿದ ಮೇಲೆ, ಕೆಳಗಿನ ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಒಂದೇ ಪದ ಇತ್ತು. ಫಂಡಸ್. ಮೊದಲನೆಯದು ಎಂಟು ವರ್ಷ ಹಳೆಯದು. ಕಣ್ಣಿನ ಪರದೆ ನೋಡಿಸಿ ಅಂತ ಅರ್ಥ. ಅಮ್ಮನಿಗೆ ತೋರಿಸಿ ಇದೇನು ಗೊತ್ತಾ ಅಂದೆ.

"ಅದು ಯಾವ್ದೋ ಮಾತ್ರೆ ಹೆಸರು. ಮೆಡಿಕಲ್‌ನಲ್ಲಿ ಕೇಳಿದ್ರೆ ಅದು ಇಲ್ಲಿ ಸಿಗಲ್ಲ ಅಂದ್ರು. ಸಿಕ್ಕಿದ್ದಷ್ಟು ತಗೊಂಡು ಬಂದೆ."

ನಾನು ಅಲ್ಲೇ ಕೂತುಬಿಟ್ಟೆ. ಇಷ್ಟು ದಿನ ಅಮ್ಮ ಹಟ ಮಾಡುತ್ತಿದ್ದಾಳೆ ಅಂದುಕೊಂಡಿದ್ದೆ, ನಿಮಗೂ ಹಾಗೇ ಬರೆದಿದ್ದೆ. ಅವಳಿಗೆ ಡಾಕ್ಟರ್ ಯಾವತ್ತೂ ಕಣ್ಣು ತೋರಿಸು ಅಂದಿಲ್ಲ, ಅವಳ ಲೆಕ್ಕದಲ್ಲಿ. ಬರೆದಿದ್ದಾರೆ. ಬಾಯಿಬಿಟ್ಟು ಕನ್ನಡದಲ್ಲಿ ಹೇಳಿಲ್ಲ. ಡಾಕ್ಟರ್ ಹೇಳಿದ್ದನ್ನೆಲ್ಲ ಮಾಡುವವಳು ಅವಳು. ಹೋಳಿಗೆ ಬಿಡು ಅಂದರೆ ಬಿಟ್ಟವಳು. ಮಗಳು ಎಲ್ಲೋ ಓದಿಕೊಂಡು ಬಂದು ಹೇಳಿದರೆ ಅದು ಮಗಳ ಗಾಬರಿ, ಅಷ್ಟೇ.

"ಅಯ್ಯೋ, ಇದನ್ನ ಡಾಕ್ಟ್ರೇ ಹೇಳಿದ್ದಾರಾ?" ಅಂತ ಐದೂ ಚೀಟಿಯನ್ನು ಕೈಗೆ ತೆಗೆದುಕೊಂಡು ಒಂದೊಂದನ್ನೇ ನೋಡಿದಳು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. ಡ್ರಾಪ್ಸ್ ಹಾಕಿದರೆ ಎಷ್ಟು ದಿನ ಹೊಲಿಯೋಕಾಗಲ್ಲ? ಒಂದು ದಿನ ಅಂದೆ. ಅವಳು ಒಂದು ವಾರ ಅಂದುಕೊಂಡಿದ್ದಳಂತೆ. ಪಕ್ಕದ ಬೀದಿಯವರಿಗೆ ಪೊರೆ ಆಪರೇಷನ್ ಆದಾಗ ತಿಂಗಳು ಒಲೆ ಮುಂದೆ ಹೋಗಿರಲಿಲ್ಲ, ಎರಡನ್ನೂ ಒಂದೇ ಅಂದುಕೊಂಡಿದ್ದಳು.

ಸೋಮವಾರ ರಜೆ ಹಾಕಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ಡ್ರಾಪ್ಸ್ ಹಾಕಿದ ಮೇಲೆ ಸ್ವಲ್ಪ ಉರಿ ಅಂದಳು, ಆಮೇಲೆ ಇಲ್ಲ. ಫೋಟೋ ತೆಗೆದರು. ಡಾಕ್ಟರು ಕಂಪ್ಯೂಟರ್ ತಿರುಗಿಸಿ ನಮಗೇ ತೋರಿಸಿದರು. ಕಿತ್ತಳೆ ಬಣ್ಣದ ಚಂದ್ರನ ಹಾಗಿತ್ತು, ಒಂದು ಕಡೆ ಬೆಳ್ಳಗಿನ ಬೊಟ್ಟು, ಅಲ್ಲಿಂದ ಕೆಂಪು ಬೇರುಗಳು ಹರಡಿದ್ದವು. ಬಲಗಣ್ಣು ಚೆನ್ನಾಗಿದೆ. ಎಡಗಣ್ಣಿನಲ್ಲಿ ಸೂಜಿ ಮೊನೆಯಷ್ಟು ಮೂರು ಕೆಂಪು ಚುಕ್ಕಿ. "ಈಗ ಶುರು. ಲೇಸರ್ ಬೇಡ, ಏನೂ ಬೇಡ. ಶುಗರ್, ಬಿಪಿ ಎರಡನ್ನೂ ಸರಿಯಾಗಿ ಇಟ್ಟುಕೊಳ್ಳಿ, ಆರು ತಿಂಗಳಿಗೆ ಬನ್ನಿ" ಅಂದರು. ಅಮ್ಮ ಆ ಚುಕ್ಕಿಗಳನ್ನು ತುಂಬಾ ಹೊತ್ತು ನೋಡಿದಳು. "ಇಷ್ಟು ಸಣ್ಣದು ನನಗೆ ಹೇಗೆ ಗೊತ್ತಾಗ್ಬೇಕು" ಅಂದಳು.

ವಾಪಸ್ ಬರುವಾಗ ಬಿಸಿಲಿಗೆ ಸೆರಗನ್ನು ಹಣೆಯ ಮೇಲೆ ಎಳೆದುಕೊಂಡು ನನ್ನ ಕೈ ಹಿಡಿದುಕೊಂಡೇ ನಡೆದಳು. ರೈಲಿನಲ್ಲಿ ಮೊಬೈಲ್ ನೋಡಲಾಗದೆ ಕಣ್ಣು ಮುಚ್ಚಿ ಕೂತಿದ್ದವಳು, ಬೀರೂರು ಬಂದಾಗ ಸಣ್ಣ ದನಿಯಲ್ಲಿ ಹೇಳಿದಳು: ಚಿಕ್ಕಪ್ಪನಿಗೆ ಹಾಗಾದ ಮೇಲೆ ದಿನಾ ಬೆಳಿಗ್ಗೆ ಎದ್ದ ತಕ್ಷಣ ಒಂದು ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ಓದುತ್ತಿದ್ದಳಂತೆ, ಆಮೇಲೆ ಇನ್ನೊಂದು ಕಣ್ಣು. ನನಗೆ ಸೂಜಿ ಪೋಣಿಸಿ ತೋರಿಸುತ್ತಿದ್ದವಳು ಒಳಗೆ ಅಷ್ಟು ಹೆದರಿದ್ದಳು. ಡ್ರೈವರ್ ಅಣ್ಣ, ನೀವು ಹೇಳಿದ ಮೂರನೆಯ ಕಾರಣ ಅವಳಲ್ಲೂ ಇತ್ತು.

ಟಾರ್ಚ್‌ಲೈಟ್ ಅವರೇ, ಎರಡು ಪ್ರಶ್ನೆ. ಆರು ತಿಂಗಳ ಮೇಲೆ ಇದೇ ಆಸ್ಪತ್ರೆಗೇ ಹೋಗಬೇಕಾ? ಮತ್ತೆ, ಆ ಕ್ಯಾಲೆಂಡರ್ ಓದುವುದನ್ನು ಮುಂದುವರಿಸಲಿ ಅನ್ನಲಾ?

ಟಾರ್ಚ್‌ಲೈಟ್ ಬರೆದದ್ದು:

ಓದಿ ಕಣ್ಣು ತುಂಬಿ ಬಂತು. ನಾಳೆಯಿಂದ ನಾನು ಚೀಟಿಯಲ್ಲಿ ಆ ಪದದ ಕೆಳಗೆ ಕನ್ನಡದಲ್ಲೇ ಬರೆದುಕೊಡುತ್ತೇನೆ: ಕಣ್ಣಿನ ಹಿಂದಿನ ಪರದೆ ನೋಡಿಸಿ, ಡ್ರಾಪ್ಸ್ ಹಾಕುತ್ತಾರೆ, ಜೊತೆಗೆ ಒಬ್ಬರು ಬನ್ನಿ.

ಯಾವ ಆಸ್ಪತ್ರೆಯಾದರೂ ಆಗಬಹುದು, ಆದರೆ ಈ ಸಲದ ಫೋಟೋದ ಪ್ರಿಂಟ್ ತೆಗೆದುಕೊಂಡು ಹೋಗಿ. ಮೂರು ಚುಕ್ಕಿ ಮೂರೇ ಇದೆಯಾ, ಹತ್ತಾಯಿತಾ ಅಂತ ಹೋಲಿಸಿ ನೋಡಿದರೇ ಗೊತ್ತಾಗುವುದು. ಅದೇ ಸೀರೆ ಕವರ್‌ನಲ್ಲೇ ಇಡಲಿ, ಅಮ್ಮ ಕಳೆಯುವುದಿಲ್ಲ.

ಕ್ಯಾಲೆಂಡರ್ ಓದುವುದು ಒಳ್ಳೆಯದೇ, ಬಿಡಿಸಬೇಡಿ. ಗೆರೆ ಸೊಟ್ಟ ಕಂಡರೆ, ಬಲೆ, ಕಪ್ಪು ದಾರ, ಮಿಂಚು ಕಂಡರೆ, ಆರು ತಿಂಗಳು ಕಾಯದೆ ಅವತ್ತೇ ಹೊರಡಬೇಕು ಅಂತ ಹೇಳಿ. ಏನೂ ಕಾಣದಿದ್ದರೂ ಆರು ತಿಂಗಳಿಗೆ ಹೋಗಲೇಬೇಕು. ದಿನಾಂಕವನ್ನು ಆ ಕ್ಯಾಲೆಂಡರ್‌ನಲ್ಲೇ ಬರೆದುಬಿಡಿ.